ಗಿಟಾರಿನ ಅಂಚು

ಅಣ್ಣ 15 ವರ್ಷ ನುಡಿಸಿದ ಕಪ್ಪು ಎಲೆಕ್ಟ್ರಿಕ್ ಗಿಟಾರ್ ಹೋದ ವರ್ಷ ನನ್ನ ಕೈಗೆ ಬಂತು. "ಮೈಗೆ ಯಾವ ಬಣ್ಣ ಬೇಕಾದ್ರೂ ಹಚ್ಕೋ, ನೆಕ್ ಮಾತ್ರ ಮುಟ್ಬೇಡ" ಅಂದ. ಸರಿಯಾಗೇ ಹೇಳಿದ. ನೆಕ್ ಅಂದರೆ ಬೆರಳುಗಳಿಂದ ತಂತಿ ಒತ್ತುವ ಉದ್ದನೆಯ ಕತ್ತು; ಅದರ ಹಿಂಭಾಗ ಅವನ ಹೆಬ್ಬೆರಳಿಗೆ ಸವೆದು ಸವೆದು ನುಣ್ಣಗಾಗಿದೆ. ಆ ನುಣುಪನ್ನು ಯಾವ ಉಪ್ಪು ಕಾಗದವೂ ತರೋದಿಲ್ಲ. ಬಾಡಿಯ, ಅಂದರೆ ಗಿಟಾರಿನ ಮೈಯ, ಸ್ಥಿತಿ ಬೇರೆ. ಅಂಚುಗಳಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಹಾರಿತ್ತು, ಹಿಂದೆಲ್ಲ ಬೆಲ್ಟಿನ ಬಕಲ್ ಗೀಚಿದ ಗೆರೆಗಳು.

ಹಳೇ ಬಣ್ಣ ತೆಗೆದು ಹೊಸದು ಹಚ್ಚುವ ಕೆಲಸಕ್ಕೆ ಮೂರು ತಿಂಗಳು ಹಿಡಿಯಿತು. ಅಷ್ಟು ದಿನದಲ್ಲಿ ನಾನು ತಪ್ಪಿದ್ದೆಲ್ಲ ಒಂದೇ ಜಾಗದಲ್ಲಿ: ಅಂಚಿನಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಿಚ್ಚುವುದು ಸುಲಭ. ತಂತಿ ಸಡಿಲಿಸಿ, ನೆಕ್ಕಿನ ನಾಲ್ಕು ಸ್ಕ್ರೂ ತೆಗೆದು, ಮುಂಭಾಗದ ಪ್ಲಾಸ್ಟಿಕ್ ಹೊದಿಕೆಯಾದ ಪಿಕ್‌ಗಾರ್ಡ್ ಎತ್ತಿದರೆ ವೈರುಗಳು ಕಾಣುತ್ತವೆ. ಒಂದು ವೈರನ್ನೂ ಕೀಳುವ ಮೊದಲು ಫೋಟೋ ತೆಗೆದುಕೊಳ್ಳಿ. ಹಿಂಭಾಗದಲ್ಲಿ ಬ್ರಿಡ್ಜಿನ (ತಂತಿಗಳ ಬುಡ ಕೂರುವ ಭಾಗದ) ಸ್ಪ್ರಿಂಗುಗಳನ್ನು ಹಿಡಿದಿರುವ ಲೋಹದ ಪಟ್ಟಿಗೆ ಒಂದು ಅರ್ತಿಂಗ್ ವೈರ್ ಬೆಸುಗೆಯಾಗಿರುತ್ತದೆ. ಆಮೇಲೆ ಅದನ್ನು ಮರೆತರೆ ತಂತಿ ಮುಟ್ಟಿದಾಗಲೂ ಗುಂಯ್ ಅನ್ನುವ ಸದ್ದು ನಿಲ್ಲೋದೇ ಇಲ್ಲ.

ಹಳೇ ಬಣ್ಣ ಪಾಲಿಯೆಸ್ಟರ್. ಇದು ಗಾಜಿನಂತೆ ಗಟ್ಟಿ, ದಪ್ಪ. ಪೇಂಟ್ ರಿಮೂವರ್ ಹಚ್ಚಿ ಅರ್ಧ ದಿನ ಕಾದೆ, ಹೊಳಪು ಕೂಡ ಕಡಿಮೆಯಾಗಲಿಲ್ಲ. ಇದಕ್ಕೆ ಹೀಟ್ ಗನ್ನೇ ಬೇಕು. ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಬಿಸಿ ಮಾಡಿದರೆ ಬಣ್ಣ ಮೆತ್ತಗಾಗಿ ಗುಳ್ಳೆ ಏಳುತ್ತದೆ. ಆಗ ಸ್ಕ್ರೇಪರನ್ನು ಅಡಿಗೆ ತೂರಿಸಿದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಬಯಲಲ್ಲೇ ಮಾಡಿ. ಹೊಗೆಗೆ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿಕೊಳ್ಳಿ, ಬಟ್ಟೆ ಕಟ್ಟಿಕೊಂಡರೆ ಸಾಲದು. ತುಂಬಾ ಹಳೇ ಗಿಟಾರಾದರೆ ಬಣ್ಣದಲ್ಲಿ ಸೀಸ ಇರಬಹುದು, ಅದಕ್ಕೆ ಬಿಸಿ ಕೊಡಲೂಬೇಡಿ, ಒಣದಾಗಿ ಉಜ್ಜಲೂಬೇಡಿ.

ಚಪ್ಪಟೆ ಭಾಗ ಚೆನ್ನಾಗಿ ಬಂತು. ಆಮೇಲೆ ಮೇಲಿನ ಕೊಂಬಿಗೆ, ಅಂದರೆ ನೆಕ್ಕಿನ ಪಕ್ಕ ಬಾಡಿ ಚಾಚಿಕೊಂಡಿರುವ ತುದಿಗೆ, ಬಂದೆ. ಅಲ್ಲಿ ಮರ ಕಿರಿದು, ಬಿಸಿ ಎರಡೂ ಕಡೆಯಿಂದ ತಾಗುತ್ತದೆ. ಚಪ್ಪಟೆ ಜಾಗಕ್ಕೆ ಕೊಟ್ಟಷ್ಟೇ ಹೊತ್ತು ಅಲ್ಲೂ ಕೊಟ್ಟೆ. ಹೆಬ್ಬೆರಳಗಲ ಮರ ಸುಟ್ಟು ಕಂದಾಯಿತು. ಅಂಚಿಗೆ ಅರ್ಧ ಬಿಸಿ ಸಾಕಿತ್ತು.

ಒಳಗಿದ್ದ ಮರ ಬಾಸ್‌ವುಡ್. ತಿಳಿ ಬಣ್ಣ, ಎಳೆಯೇ ಕಾಣದಷ್ಟು ಸಾದಾ, ಉಗುರು ಒತ್ತಿದರೂ ಗುರುತು ಬೀಳುವಷ್ಟು ಮೆತ್ತಗೆ. ಮೂರು ತುಂಡು ಅಂಟಿಸಿದ ಗೆರೆಗಳೂ ಕಂಡವು. ಆ್ಯಶ್ ಮರ ಆಗಿದ್ದರೆ ಎಳೆ ಕಾಣುವಂತೆ ಬಿಡುತ್ತಿದ್ದೆ. ಇದಕ್ಕೆ ಗಟ್ಟಿ ಬಣ್ಣವೇ ಚೆಂದ ಅನ್ನಿಸಿತು.

ತಗ್ಗುಗಳನ್ನು ಎತ್ತಿದ್ದು ನನಗೆ ಇಡೀ ಕೆಲಸದಲ್ಲೇ ಜಾಸ್ತಿ ಖುಷಿ ಕೊಟ್ಟ ಭಾಗ. ತಗ್ಗಿನ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆಯ ತುದಿ ಒತ್ತಿದರೆ ಹಬೆ ಒಳಗಿಳಿದು, ಅದುಮಿಹೋದ ನಾರು ಉಬ್ಬಿ ಮೇಲೆ ಬರುತ್ತದೆ. ನಾಲ್ಕೈದು ಸಲ ಮಾಡಿದರೆ ತಗ್ಗು ಎಲ್ಲಿತ್ತು ಅಂತ ಹುಡುಕಬೇಕು! ನಾರು ತುಂಡಾಗಿದ್ದರೆ ಮಾತ್ರ ಇದು ನಡೆಯೋದಿಲ್ಲ. ಬಕಲ್ ಗೆರೆಗಳಿಗೆ ಫಿಲ್ಲರ್ ತುಂಬಬೇಕಾಯಿತು.

ಆಮೇಲೆ ಉಜ್ಜಾಟ. 120 ನಂಬರಿನ ಉಪ್ಪು ಕಾಗದದಿಂದ ಶುರು ಮಾಡಿ 150, 220, ಕೊನೆಗೆ 320; ನಂಬರ್ ಹೆಚ್ಚಿದಷ್ಟೂ ಕಾಗದ ನಯ. ಚಪ್ಪಟೆ ಜಾಗಕ್ಕೆ ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಿ, ಬರಿ ಬೆರಳಲ್ಲಿ ಬೇಡ, ಹಳ್ಳ ಬೀಳುತ್ತದೆ. ಮೊದಲು ಮೈಮೇಲೆಲ್ಲ ಪೆನ್ಸಿಲಿನಿಂದ ಗೀಚಿಬಿಡಿ. ಉಜ್ಜಿದ ಮೇಲೂ ಪೆನ್ಸಿಲ್ ಗುರುತು ಎಲ್ಲಿ ಉಳಿದಿದೆಯೋ ಅಲ್ಲಿ ತಗ್ಗಿದೆ ಅಂತ. ಸುಟ್ಟ ಜಾಗವನ್ನು ಕೆರೆದು ತಿಳಿ ಮಾಡುವಷ್ಟರಲ್ಲಿ ಕೊಂಬಿನ ತುದಿ ಸ್ವಲ್ಪ ದುಂಡಗಾಯಿತು. ಇನ್ನೊಂದು ಕೊಂಬನ್ನೂ ಅಷ್ಟೇ ದುಂಡಗೆ ಮಾಡಿದೆ. ನೆಕ್ ಕೂರುವ ಗೂಡನ್ನು ಮಾತ್ರ ಮುಟ್ಟಲೇ ಇಲ್ಲ. ಅಲ್ಲಿ ಕೂದಲೆಳೆಯಷ್ಟು ಮರ ಹೋದರೂ ನೆಕ್ ಅಲ್ಲಾಡುತ್ತದೆ.

ಬಾಸ್‌ವುಡ್ ಸೀಲರನ್ನು (ಮರದ ರಂಧ್ರ ಮುಚ್ಚುವ ಮೊದಲ ಲೇಪವನ್ನು) ಕುಡಿದುಬಿಡುತ್ತದೆ. ಎಳೆಯ ತುದಿ ಹೊರಗೆ ಬರುವ ಕಡೆ, ಅಂದರೆ ಕೊಂಬಿನ ತುದಿ ಮತ್ತು ಬುಡದ ಅಂಚಿನಲ್ಲಿ, ಇನ್ನೂ ಜಾಸ್ತಿ. ಮೈಗೆ ಮೂರು ಕೋಟ್ ಸಾಕಾದರೆ ಅಲ್ಲಿಗೆ ಐದು ಬೇಕಾಯಿತು. ಅದರ ಮೇಲೆ ಬಿಳಿ ಪ್ರೈಮರ್.

ಬಣ್ಣ ಯಾವುದು ಅಂತ ನಾನು ತುಂಬಾ ಮೊದಲೇ ನಿರ್ಧರಿಸಿದ್ದೆ. ಫೆಂಡರ್ ಕಂಪನಿ 1950-60ರ ದಶಕಗಳಲ್ಲಿ ವಿಶೇಷ ಬಣ್ಣದ ಗಿಟಾರುಗಳಿಗೆ ಡುಪಾಂಟ್ ಕಂಪನಿಯ ಕಾರಿನ ಬಣ್ಣಗಳನ್ನೇ ಬಳಸುತ್ತಿತ್ತು. ಸೋನಿಕ್ ಬ್ಲೂ ಅನ್ನುವ ತೆಳು ನೀಲಿ ಕ್ಯಾಡಿಲಾಕ್ ಕಾರಿನಿಂದ ಬಂದದ್ದು. ಅದರ ಮೇಲಿನ ಪಾರದರ್ಶಕ ಹೊಳಪು ಲೇಪ, ನೈಟ್ರೊಸೆಲ್ಯುಲೋಸ್ ಲ್ಯಾಕರ್, ವರ್ಷ ಕಳೆದಂತೆ ಹಳದಿಗೆ ತಿರುಗಿ, ಆ ನೀಲಿ ನಿಧಾನವಾಗಿ ಹಸಿರು ಛಾಯೆಗೆ ಹೊರಳುತ್ತದೆ. ನನ್ನ ಗಿಟಾರೂ ನನ್ನ ಜೊತೆ ಹಾಗೆ ಬದಲಾಗಲಿ ಅಂತ ನೈಟ್ರೊವನ್ನೇ ಆರಿಸಿಕೊಂಡೆ.

ನೆಕ್ಕಿನ ಗೂಡಿಗೆ ಟೇಪ್ ಅಂಟಿಸಿ, ಅಲ್ಲಿನ ತೂತುಗಳಿಗೇ ಒಂದು ಮರದ ಪಟ್ಟಿ ಸ್ಕ್ರೂ ಮಾಡಿ ಬಾಡಿಯನ್ನು ನೇತುಹಾಕಿದೆ. ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬಣ್ಣ ಸಣ್ಣಗೆ ಹಾರುತ್ತದೆ. ಮೊದಲು ಅಂಚು, ಆಮೇಲೆ ಮುಖ. ಗುಂಡಿ ಒತ್ತುವುದು ಬಾಡಿಯ ಆಚೆ, ಬಿಡುವುದೂ ಆಚೆ. ತೆಳುವಾದ ಕೋಟುಗಳು, ನಡುವೆ ಬಿಡುವು. ಇಳಿದ ಹನಿಯನ್ನು ಹಸಿಯಲ್ಲಿ ಮುಟ್ಟಬೇಡಿ, ಒಣಗಿದ ಮೇಲೆ ಉಜ್ಜಿದರಾಯಿತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಡಬ್ಬಿ ಮುಟ್ಟಲೇ ಇಲ್ಲ, ತೇವ ಸಿಕ್ಕಿಕೊಂಡರೆ ಲ್ಯಾಕರ್ ಮೇಲೆ ಬಿಳಿ ಮಂಜು ಕೂತುಬಿಡುತ್ತದೆ.

ಕೊನೇ ಕೋಟ್ ಆದ ಮೇಲೆ ನಾಲ್ಕು ವಾರ ಬಿಟ್ಟೆ. ಮೂಗು ಹತ್ತಿರ ಹಿಡಿದಾಗ ವಾಸನೆ ಘಾಟಾಗಿದ್ದರೆ ಇನ್ನೂ ಒಣಗಿಲ್ಲ ಅಂತ.

ಆಮೇಲೆ ನೀರು ಹಾಕಿ ಉಜ್ಜುವುದು. 800, 1000, 1500, 2000. ನೀರಿಗೆ ಒಂದು ತೊಟ್ಟು ಸೋಪು. ಸ್ಕ್ರೂ ತೂತುಗಳಿಗೆ ಮೇಣ ತುಂಬಿದ್ದೆ, ನೀರು ಒಳಗಿಳಿದರೆ ಮರ ಉಬ್ಬಿ ಸುತ್ತಲಿನ ಲ್ಯಾಕರ್ ಬಿರುಕು ಬಿಡುತ್ತದೆ. ಮುಖ ಕನ್ನಡಿಯಂತಾಯಿತು. ಅದೇ ಉತ್ಸಾಹದಲ್ಲಿ ಕೆಳಗಿನ ಕೊಂಬಿನ ಅಂಚಿನ ಮೇಲೆ ಕಾಗದ ಎಳೆದೆ. ನಾಲ್ಕನೇ ಸಲ ಎಳೆಯುವಾಗ ನೀಲಿಯ ನಡುವೆ ಬಿಳಿ ಗೆರೆ. ಪ್ರೈಮರ್! ಕೆಲಸ ಅಲ್ಲಿಗೇ ನಿಲ್ಲಿಸಿ ಹೊರಗೆ ಹೋಗಿ ಕೂತೆ. ಅಂಚಿನ ಮೇಲೆ ಲ್ಯಾಕರ್ ಯಾವಾಗಲೂ ತೆಳು, ಕೈಯ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ.

ನೈಟ್ರೊದ ಒಳ್ಳೇ ಗುಣ ಅಂದರೆ ಹೊಸ ಕೋಟ್ ಹಳೇದನ್ನು ಕರಗಿಸಿ ಅದರಲ್ಲೇ ಬೆರೆಯುತ್ತದೆ. ಎರಡು ದಿನ ಒಣಗಿಸಿ, ಅಷ್ಟು ಜಾಗಕ್ಕೆ ಮಾತ್ರ ನೀಲಿ, ಮೇಲೆ ಕ್ಲಿಯರ್ (ಬಣ್ಣವಿಲ್ಲದ ಲ್ಯಾಕರ್) ಹೊಡೆದೆ. ಮತ್ತೆ ಎರಡು ವಾರ ಕಾಯಬೇಕಾಯಿತು. ಈ ಸಲ ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿ ಮುಖ ಮುಗಿಸಿದೆ, ಆಮೇಲೆ ಟೇಪ್ ತೆಗೆದು 2000 ನಂಬರಿನಲ್ಲಿ ಎರಡೇ ಸಲ ಸವರಿದೆ. ಇದನ್ನು ಮೊದಲ ಸಲವೇ ಮಾಡಬೇಕು.

ಗೂಡಿನ ಟೇಪ್ ತೆಗೆಯುವ ಮೊದಲು ಅಂಚಿನ ಲ್ಯಾಕರನ್ನು ಬ್ಲೇಡಿನಿಂದ ಕೊಯ್ದುಕೊಳ್ಳಿ, ಸುಮ್ನೆ ಎಳೆದರೆ ಚಕ್ಕೆ ಹಾರುತ್ತದೆ. ನೆಕ್ ಮೊದಲಿನಷ್ಟೇ ಬಿಗಿಯಾಗಿ ಕೂತಿತು. ಬಣ್ಣ ಬದಲಾದರೆ ಸದ್ದು ಬದಲಾಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ತಂತಿಯ ಕೆಳಗಿರುವ ಪಿಕಪ್ ಅನ್ನುವ ಅಯಸ್ಕಾಂತದ ಸುರುಳಿ ಹಿಡಿಯುವುದು ತಂತಿಯ ಕಂಪನವನ್ನು, ಅಲ್ವಾ? ನನ್ನ ಕಿವಿಗೆ ಅಣ್ಣನ ಗಿಟಾರಿನ ಸದ್ದೇ ಕೇಳಿಸಿತು.

ಫೋಟೋ ಕಳಿಸಿದ ಕೂಡಲೇ ಅವನ ಫೋನ್ ಬಂತು. "ನೆಕ್ ಹಾಗೇ ಇದೆ ತಾನೆ?" ಇದೆ ಅಣ್ಣ, ಅಂದೆ.

ಈಗ ಅದು ಸ್ಟ್ಯಾಂಡಿನ ಮೇಲಿದೆ. ಸ್ಟ್ಯಾಂಡಿನ ರಬ್ಬರ್ ನೈಟ್ರೊ ಲ್ಯಾಕರನ್ನು ಮೆತ್ತಗೆ ಮಾಡಿ ಕಲೆ ಬೀಳಿಸುತ್ತದೆ. ಅಂಚು ತಾಗುವ ಎರಡೂ ಕಡೆ ಹಳೇ ಹತ್ತಿ ಬಟ್ಟೆ ಸುತ್ತಿದ್ದೇನೆ.