ಗೂಡ್ಸ್ ಶೆಡ್‌ನ ಗೋಡೆಗೆ ತೇಪೆ

ಜುಲೈ 14, 2024, ಭಾನುವಾರ

ಬೆಳಗಿನಿಂದ ಮಳೆ. ಎಲ್ಲಿಗೂ ಹೊರಡುವ ಹಾಗಿಲ್ಲದ್ದರಿಂದ ನನ್ನ ಮಾದರಿ ರೈಲುಮಾರ್ಗದ ಗೂಡ್ಸ್ ಶೆಡ್‌ನ ತುಂಡುಗಳಿದ್ದ ಡಬ್ಬಿ ತೆರೆದು ಕುಳಿತೆ. ಹೋದ ವಾರ ನೆಂಟರ ಹುಡುಗ ತಿರುವಿನಲ್ಲಿ ರೈಲು ನೋಡಲು ಬಗ್ಗಿದಾಗ ಮೊಣಕೈ ತಗುಲಿ ಮುರಿದದ್ದು ಇದೇ ಗೋಡೆ.

ಈ ರೈಲುಮಾರ್ಗ 1:87ರ ಅಳತೆಯದು, ಅಂದರೆ ನಿಜವಾದದ್ದರ 87ನೇ ಒಂದು ಪಾಲು. ಮೀಟರ್ ಗೇಜ್ (ನಿಜದಲ್ಲಿ ಹಳಿಗಳ ನಡುವೆ ಒಂದು ಮೀಟರ್) ಆದ್ದರಿಂದ ಇಲ್ಲಿ ಹಳಿಗಳ ನಡುವೆ 12 ಮಿಲಿಮೀಟರ್ ಅಂತರ. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಗುಂಗಿನಲ್ಲಿ ಕಟ್ಟಿದ್ದು, ನಿಲ್ದಾಣ ಮಾತ್ರ ಕಾಲ್ಪನಿಕ. ಆ ಮಾರ್ಗಕ್ಕೆ ಬ್ರಾಡ್ ಗೇಜ್, ಅಂದರೆ ಇನ್ನೂ ಅಗಲದ ಹಳಿ, ಬಂದು ವರ್ಷಗಳಾದವು. ನನ್ನ ಹಲಗೆಯ ಮೇಲೆ ಆ ಕಾಮಗಾರಿಗೆ ಮಂಜೂರಾತಿ ಸಿಗುವುದಿಲ್ಲ. ಈ ಅಳತೆಯಲ್ಲಿ 30 ಅಡಿ ಉದ್ದದ ಶೆಡ್ ಹತ್ತೂವರೆ ಸೆಂಟಿಮೀಟರ್ ಆಗುತ್ತದೆ. ಗೋಡೆಗಳು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ದವು. ಕಲ್ಲುಗೋಡೆಯ ಒರಟುತನ ಪ್ಲಾಸ್ಟಿಕ್‌ನಲ್ಲಿ ಇಷ್ಟು ಚೆನ್ನಾಗಿ ಬರುವುದಿಲ್ಲ ಎಂಬುದು ನನ್ನ ಹಟ.

ದೊಡ್ಡ ತುಂಡುಗಳು ಎರಡೂ ಸರಿಯಾಗಿ ಕೂರುತ್ತವೆ. ಕಿಟಕಿಯ ಕೆಳಗೆ ಕಿರುಬೆರಳಿನ ಉಗುರಿನಷ್ಟು ಜಾಗ ಮಾತ್ರ ಪುಡಿಯಾಗಿ ಹೋಗಿದೆ. ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಬಾರದು. ಉಜ್ಜಿದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಗಳೇ ಹೋಗಿಬಿಡುತ್ತವೆ. ಒಣ ಕುಂಚದಿಂದ ಧೂಳು ತೆಗೆದು, ನೀರು ಬೆರೆಸಿದ ಫೆವಿಕಾಲ್ ಸವರಿ, ಅದು ಹೀರಿಕೊಂಡ ಮೇಲೆ ಗಟ್ಟಿ ಫೆವಿಕಾಲ್ ಹಚ್ಚಿ ಕೂಡಿಸಿದೆ. ಕ್ಷಣದಲ್ಲಿ ಹಿಡಿಯುವ ಗೋಂದು ಇಲ್ಲಿ ಕೆಲಸಕ್ಕೆ ಬಾರದು. ತೆಳುವಾದ ಆ ಗೋಂದನ್ನು ಪ್ಲಾಸ್ಟರ್ ಕುಡಿದುಬಿಡುತ್ತದೆ, ತುಂಡು ಸರಿಪಡಿಸಲು ಸಮಯವೂ ಸಿಗುವುದಿಲ್ಲ. ಹೊರಗೆ ಉಕ್ಕಿದ್ದನ್ನು ಒದ್ದೆ ಹತ್ತಿಯಿಂದ ಆಗಲೇ ಒರೆಸಿದೆ. ಗೋಂದು ಉಳಿದ ಕಡೆ ಬಣ್ಣ ಇಳಿಯುವುದಿಲ್ಲ, ಬಿಳಿಚಿಕೊಂಡು ನಿಲ್ಲುತ್ತದೆ. ಒಳಮೈಗೆ ಹಳೆಯ ಸೊಳ್ಳೆ ಪರದೆಯ ತುಂಡೊಂದನ್ನು ಅಂಟಿಸಿದ್ದೇನೆ. ಚಾವಣಿ ಕೂತ ಮೇಲೆ ಅದು ಯಾರಿಗೂ ಕಾಣದು.

ಸಂಜೆ ತೂತು ಮುಚ್ಚುವ ಕೆಲಸ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿದಾಗ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಈ ಪ್ಲಾಸ್ಟರಿನ ಪುಡಿ ಸಿಗುತ್ತದೆ. ನೀರು ಕೊಟ್ಟರೆ ಹರಳುಗಳು ಮತ್ತೆ ಬೆಳೆದು, ಒಂದರೊಳಗೊಂದು ಹೆಣೆದುಕೊಂಡು ಕಲ್ಲಾಗುತ್ತದೆ. ಆದರೆ ಒಣಗಿದ ಹಳೆಯ ಗೋಡೆ ಹೊಸ ಪ್ಲಾಸ್ಟರಿನ ನೀರನ್ನು ಹರಳು ಕಟ್ಟುವ ಮೊದಲೇ ಹೀರಿಕೊಂಡರೆ ತೇಪೆ ಪುಡಿಪುಡಿಯಾಗಿ ಉದುರುತ್ತದೆ. ಆದ್ದರಿಂದ ತೂತಿನ ಅಂಚಿಗೆ ಸಾಕೆನಿಸುವಷ್ಟು ನೀರು ಕುಡಿಸಿದೆ. ಬಟ್ಟಲಿನಲ್ಲಿ ಮೊದಲು ನೀರು, ಅದರ ಮೇಲೆ ಪುಡಿ ಉದುರಿಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿದೆ. ಬೇಗ ಗಟ್ಟಿಯಾಗದಿರಲೆಂದು ಎರಡು ಹನಿ ವಿನೆಗರ್. ಇನ್ನೂ ಹಸಿಯಿರುವಾಗಲೇ ಸೂಜಿಯ ಮೊನೆಯಿಂದ ಕಲ್ಲಿನ ಸಂದುಗಳನ್ನು ಅಕ್ಕಪಕ್ಕದ ಗೀಟುಗಳಿಗೆ ಕೂಡಿಸಿ ಗೀರತೊಡಗಿದೆ. ಎರಡು ಕಲ್ಲು ಮೂಡಿದವು.

ಮೂರನೆಯದಕ್ಕೆ ಕೈ ತಡೆಯಿತು. ನಿಜವಾದ ರೈಲ್ವೆ ಶೆಡ್‌ನ ಗೋಡೆ ಬಿದ್ದರೆ ಇಲಾಖೆಯವರು ಹೊಂದುವ ಕಲ್ಲು ಹುಡುಕುತ್ತಾ ಕೂರುತ್ತಾರೆಯೇ? ಸಿಮೆಂಟು ಮೆತ್ತಿ, ಕರಣೆಯಿಂದ ಒಂದೆಳೆತ ಎಳೆದು ಹೋಗುತ್ತಾರೆ. ಹಳೆಯ ನಿಲ್ದಾಣಗಳಲ್ಲಿ ಅಂಥ ಬೂದು ತೇಪೆಗಳನ್ನು ಎಷ್ಟೋ ನೋಡಿದ್ದೇನೆ. ಗೀರಿದ್ದನ್ನು ಬೆರಳಿನಿಂದ ಅಳಿಸಿ, ಚಾಕುವಿನ ಬೆನ್ನಿನಿಂದ ನುಣುಪು ಮಾಡಿದೆ, ಅಂಚನ್ನು ಬೇಕೆಂದೇ ವಕ್ರವಾಗಿ ಬಿಟ್ಟೆ. ಮೊದಲಿಗಿಂತ ಈಗಲೇ ಶೆಡ್ ಹೆಚ್ಚು ಸರ್ಕಾರಿಯಾಗಿದೆ.

ಈ ಥಂಡಿಯಲ್ಲಿ ಒಣಗಲು ತಡವಾಗುತ್ತದೆ. ಹಾಗೆಂದು ಓವನ್ನಿನಲ್ಲಿ ಇಡುವಂತಿಲ್ಲ. ಬಿಸಿ ಹೆಚ್ಚಾದರೆ ಕಟ್ಟಿಕೊಂಡ ನೀರೇ ಹೊರಟು ಗೋಡೆ ಸಡಿಲವಾಗುತ್ತದೆ. ಫ್ಯಾನಿನ ಕೆಳಗೆ ಇಟ್ಟಿದ್ದೇನೆ. ಕೆನ್ನೆಗೆ ಮುಟ್ಟಿಸಿದರೆ ತಣ್ಣಗಿದೆ, ಅಂದರೆ ಒಳಗೆ ತೇವವಿದೆ. ಬಣ್ಣದ ಡಬ್ಬಿಯಲ್ಲಿ ಬೂದು ತಳ ಕಂಡಿದೆ, ನಾಳೆ ಕಚೇರಿಯಿಂದ ಬರುವಾಗ ತರಬೇಕು.