ಹೊರೆಗೂ ಸೈ, ಓಟಕ್ಕೂ ಸೈ: ಮೊದಲ ಎಟಿವಿ ಆರಿಸಿದ ದಿನ

ಕೆಲಸಕ್ಕೂ ಬೇಕು, ಮೋಜಿಗೂ ಬೇಕು. ಮೊದಲ ಎಟಿವಿ, ಅಂದರೆ ಕಚ್ಚಾ ನೆಲದಲ್ಲಿ ಓಡುವ ದಪ್ಪ ಟೈರಿನ, ಬೈಕಿನಂಥ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ, ಕೊಳ್ಳಲು ಹೊರಟಾಗ ನನ್ನ ಬೇಡಿಕೆ ಇಷ್ಟೇ. ವಾರವಿಡೀ ಸೌದೆ, ಬೇಲಿ ಗೂಟ, ನೀರಿನ ಕ್ಯಾನು ಸಾಗಿಸಬೇಕು. ರಜೆಯ ದಿನ ಅದೇ ಗಾಡಿಯಲ್ಲಿ ಗುಡ್ಡದ ಕಚ್ಚಾ ದಾರಿಯಲ್ಲಿ ಒಂದಿಷ್ಟು ಧೂಳೆಬ್ಬಿಸಬೇಕು. ಎರಡು ಗಾಡಿ ಇಟ್ಟುಕೊಳ್ಳಲು ಜಾಗವೂ ಇಲ್ಲ, ದುಡ್ಡೂ ಇಲ್ಲ. ಹಾಗಾಗಿ ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: ಎಷ್ಟು ಸಿಸಿ ತಗೊಳ್ಳಲಿ?

ಅಣ್ಣ ನಕ್ಕುಬಿಟ್ಟ. ಅಣ್ಣ ಅಂದರೆ ದೊಡ್ಡಪ್ಪನ ಮಗ. ಎಟಿವಿ ರಿಪೇರಿಯೇ ಅವನ ಕಸುಬು.

"ಯಮಹಾ ರಾಪ್ಟರ್ 700 ಬಂದಿದ್ದು 2006ರಲ್ಲಿ. ಗ್ರಿಜ್ಲಿ 700 ಬಂದಿದ್ದು 2007ರಲ್ಲಿ. ಎರಡರ ಇಂಜಿನ್ನೂ 686 ಸಿಸಿ. ಓಟದ ರಾಪ್ಟರ್‌ಗೆ ಚೈನು, ಐದು ಗೇರು, ಹಿಂದಿನ ಎರಡೇ ಚಕ್ರಕ್ಕೆ ಎಳೆತ, ತೂಕ 190 ಕೆಜಿ ಆಸುಪಾಸು. ಕೆಲಸದ ಗ್ರಿಜ್ಲಿಗೆ ಬೆಲ್ಟಿನ ಆಟೊಮ್ಯಾಟಿಕ್ಕು, ನಾಲ್ಕೂ ಚಕ್ರಕ್ಕೆ ಎಳೆತ, 300 ಕೆಜಿ ಆಸುಪಾಸು ತೂಕ. ಸಿಸಿ ನೋಡಿ ಕೊಂಡರೆ ಇವೆರಡರಲ್ಲಿ ಯಾವುದು ನಿನ್ನ ಮನೆಗೆ ಬರುತ್ತೆ ಹೇಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಶನಿವಾರ ಬಾ ಅಂದ. ಅವನ ಶೆಡ್ಡಿನಲ್ಲಿ ರಿಪೇರಿ ಮುಗಿದವು, ಮಾರಾಟಕ್ಕೆ ಬಂದವು, ಹೀಗೆ ಕೆಲವು ಗಾಡಿ ಯಾವಾಗಲೂ ಇರುತ್ತವೆ. ಒಂದೇ ಷರತ್ತು. ಪ್ರತಿ ಗಾಡಿಯನ್ನೂ ಖಾಲಿ ಓಡಿಸಬೇಕು, ಆಮೇಲೆ ಹೊರೆ ಕಟ್ಟಿ ಅದೇ ದಾರಿಯಲ್ಲಿ ಓಡಿಸಬೇಕು.

ದಾರಿ ಚಿಕ್ಕದೇ. ಶೆಡ್ಡಿನ ಹಿಂದೆ ಬಯಲು, ಅದರಾಚೆ ಒಂದು ಏರು, ಆ ಕಡೆ ಮಳೆನೀರು ಕೊರೆದ ಇಳಿಜಾರು, ಕೆಳಗೆ ಸ್ವಲ್ಪ ಕೆಸರು, ಮರಗಳ ನಡುವೆ ಸುತ್ತಿ ವಾಪಸ್ಸು. ಹೆಲ್ಮೆಟ್, ಕನ್ನಡಕ, ಗ್ಲೌಸು, ಬೂಟು ಹಾಕಿಕೊಂಡು ನಾನು ತಯಾರಾದೆ. ಅಣ್ಣ ಮಾತ್ರ ಸುಮ್ನೆ ಟೈರಿನ ಗಾಳಿ ನೋಡುತ್ತಾ ಕೂತಿದ್ದ. ಈ ಟೈರುಗಳಿಗೆ ಸಾಮಾನ್ಯವಾಗಿ 5 ಪಿಎಸ್‌ಐ ಆಸುಪಾಸು ಗಾಳಿ ಸಾಕು. ಕಾರಿನ ಟೈರಿಗೆ ಬಳಸುವ ಗೇಜು ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ. ಅದಕ್ಕೇ ಬೇರೆ ಚಿಕ್ಕ ಗೇಜು ಇದೆ. ಎಡ ಬಲದ ನಡುವೆ ಒಂದು ಪಿಎಸ್‌ಐ ವ್ಯತ್ಯಾಸ ಬಂದರೂ ಗಾಡಿ ಒಂದು ಕಡೆಗೆ ಎಳೆಯುತ್ತದಂತೆ. "ಆಮೇಲೆ ನೀನು ಹ್ಯಾಂಡಲ್ ಸರಿಯಿಲ್ಲ ಅಂತೀಯ" ಅಂದ.

ಮೊದಲು ಸಿಕ್ಕಿದ್ದು ಹಳೆಯ 400 ಸಿಸಿ ಸ್ಪೋರ್ಟ್ ಗಾಡಿ. ಅದರ ಮೋಜಿನ ಬಗ್ಗೆ ಜಾಸ್ತಿ ಬರೆಯುವುದೇನಿಲ್ಲ. ಹೆಬ್ಬೆರಳಿನಿಂದ ಥ್ರಾಟಲ್ ಒತ್ತಿದರೆ ಹಿಂಬದಿ ಜಾರುತ್ತದೆ, ಮೈ ಒಳಕ್ಕೆ ವಾಲಿಸಿದರೆ ತಿರುಗುತ್ತದೆ, ಮುಖದ ನಗು ನಿಲ್ಲುವುದಿಲ್ಲ. ಮರಗಳ ನಡುವೆ ಮೂತಿ ಪೊದೆಗೆ ಸಿಕ್ಕಿದಾಗ ಗೊತ್ತಾಯಿತು, ಇದಕ್ಕೆ ರಿವರ್ಸ್ ಗೇರೇ ಇಲ್ಲ. ಇಳಿದು, ಹಿಂದಿನಿಂದ ಹಿಡಿದು ಎಳೆದೆ. ವಾಪಸ್ಸು ಬಂದರೆ ಅಣ್ಣ ಗೂಟದ ಕಟ್ಟು ಹಿಡಿದು ನಿಂತಿದ್ದ. "ಎಲ್ಲಿ ಇಡಲಿ?" ಕ್ಯಾರಿಯರ್ ಇಲ್ಲ, ಟ್ರೈಲರ್ ಸಿಕ್ಕಿಸಲು ಕೊಂಡಿಯೂ ಇಲ್ಲ. ಅದರ ಕಥೆ ಅಲ್ಲಿಗೆ ಮುಗಿಯಿತು.

ನಂತರ 700 ಸಿಸಿ ವರ್ಗದ ದೊಡ್ಡ ಕೆಲಸದ ಗಾಡಿ. ಪವರ್ ಸ್ಟಿಯರಿಂಗ್ ಇತ್ತು. ಕಲ್ಲಿಗೆ ಚಕ್ರ ಬಡಿದರೂ ಹ್ಯಾಂಡಲ್ ಕೈಯನ್ನು ಒದೆಯುವುದಿಲ್ಲ. ಹೊರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಏರನ್ನು ಏರು ಅಂತಲೇ ಲೆಕ್ಕಕ್ಕೆ ತಗೊಳ್ಳಲಿಲ್ಲ. ಆದರೆ ಓರೆ ನೆಲದಲ್ಲಿ ಅದರ ತೂಕ ನನ್ನನ್ನು ಹೆದರಿಸಿತು. ಗಾಡಿ ವಾಲಿದಾಗ ನಾನು ಎಷ್ಟೇ ಮೈ ಎಳೆದು ಏರಿನ ಕಡೆ ಕೂತರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಎಟಿವಿ ಓಡಿಸುವುದೆಂದರೆ ಅರ್ಧ ಕೆಲಸ ಮೈಯದೇ. ಏರಿನಲ್ಲಿ ಮುಂದಕ್ಕೆ ಬಾಗಬೇಕು, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಬೇಕು, ತಿರುವಿನಲ್ಲಿ ಒಳಕ್ಕೆ ವಾಲಬೇಕು. ಸವಾರನ ತೂಕ ಗಾಡಿಯ ತೂಕದ ಮುಂದೆ ತೀರಾ ಕಡಿಮೆಯಾದರೆ ಈ ಕಲಿಕೆಯೇ ನಡೆಯುವುದಿಲ್ಲ. ಇನ್ನು, ಮಗುಚಿ ಮೇಲೆ ಬಿದ್ದರೆ 300 ಕೆಜಿ ಯಾರು ಎತ್ತುತ್ತಾರೆ? ಮೊದಲ ಗಾಡಿಯಾಗಿ ಇದು ಬೇಡ ಎಂದು ನಾನೇ ತೀರ್ಮಾನಿಸಿದೆ. ಅಣ್ಣ ಒತ್ತಾಯವನ್ನೂ ಮಾಡಲಿಲ್ಲ.

ನೀರು ಕುಡಿಯಲು ಕೂತಾಗ ಶೆಡ್ಡಿನ ಮೂಲೆಯಲ್ಲಿದ್ದ ಮೂರು ಚಕ್ರದ ಹಳೇ ಗಾಡಿ ಕಣ್ಣಿಗೆ ಬಿತ್ತು. ಈ ವಂಶ ಶುರುವಾಗಿದ್ದೇ ಅಲ್ಲಿಂದ. ಉಬ್ಬಿದ ಟೈರಿನ ಮೂರು ಚಕ್ರದ ಗಾಡಿಯನ್ನು ಹೋಂಡಾ 1970ರಲ್ಲಿ ಮಾರುಕಟ್ಟೆಗೆ ತಂದಿತು. ಎಂಬತ್ತರ ದಶಕದ ಶುರುವಿನಲ್ಲಿ ಸುಜುಕಿಯ ಕ್ವಾಡ್‌ರನ್ನರ್ ನಾಲ್ಕನೇ ಚಕ್ರ ತಂದಿತು. ಅಲ್ಲಿಂದ ದಾರಿ ಎರಡಾಯಿತು. 1985ರಲ್ಲಿ ಸುಜುಕಿಯದೇ ಎಲ್‌ಟಿ250ಆರ್ ಓಟದ ಕಡೆ ಹೋಯಿತು. 1986ರಲ್ಲಿ ಹೋಂಡಾ ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟು ಟಿಆರ್‌ಎಕ್ಸ್350 ತಂದು ಹೊಲದ ಕಡೆ ಹೋಯಿತು. ಮೂರು ಚಕ್ರದವು ಮಗುಚುವುದು ಜಾಸ್ತಿಯಾಗಿ, 1988ರಲ್ಲಿ ಅಮೆರಿಕದಲ್ಲಿ ಅವುಗಳ ಮಾರಾಟವೇ ನಿಂತಿತು. ನನ್ನಂಥವರು ಈಗ ಕೇಳುತ್ತಿರುವುದು, ಎಂಬತ್ತರ ದಶಕದಲ್ಲಿ ಬೇರೆಯಾದ ಆ ಎರಡು ದಾರಿ ಮತ್ತೆ ಸೇರುವ ಜಾಗ ಎಲ್ಲಿದೆ ಅಂತ.

ಅಣ್ಣನ ಪ್ರಕಾರ ಆ ಜಾಗ ಇಂಜಿನ್ನಿನಲ್ಲಿಲ್ಲ. ಸೀಟಿನ ಕೆಳಗೆ, ಹಿಂದಿನ ಎರಡು ಚಕ್ರಗಳ ನಡುವೆ ಇದೆ.

ಮಧ್ಯಾಹ್ನದ ಹೊತ್ತಿಗೆ ಎರಡು ಮಧ್ಯಮ ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸಿದ. ಎರಡಕ್ಕೂ ಇಂಜಿನ್ 400ರಿಂದ 450 ಸಿಸಿ ಒಳಗೆ, ಎರಡಕ್ಕೂ ಮುಂದೆ ಹಿಂದೆ ಕ್ಯಾರಿಯರ್, ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಎಳೆತ. ಮೇಲಿನಿಂದ ನೋಡಿದರೆ ಅಣ್ಣತಮ್ಮಂದಿರೇ. ಬಗ್ಗಿ ನೋಡಿದರೆ ಬೇರೆ. ಒಂದರಲ್ಲಿ ಸಾಲಿಡ್ ಆ್ಯಕ್ಸಲ್. ಹಿಂದಿನ ಎರಡೂ ಚಕ್ರ ಒಂದೇ ದಂಡಕ್ಕೆ ಸೇರಿರುತ್ತವೆ, ಒಂದು ಎದ್ದರೆ ಇನ್ನೊಂದೂ ವಾಲುತ್ತದೆ. ಇನ್ನೊಂದರಲ್ಲಿ ಇಂಡಿಪೆಂಡೆಂಟ್ ಸಸ್ಪೆನ್ಷನ್. ಪ್ರತಿ ಚಕ್ರವೂ ತನ್ನ ಪಾಡಿಗೆ ಮೇಲೆ ಕೆಳಗೆ ಆಡುತ್ತದೆ. ಹೋಂಡಾ ರಾಂಚರ್ 420ರಂಥ ಗಾಡಿ ಎರಡು ಬಗೆಯಲ್ಲೂ ಬಂದಿದೆ. ಹೆಸರು ಒಂದೇ ಆದರೂ ಗುಣ ಬೇರೆ.

ಖಾಲಿ ಓಡಿಸಿದಾಗ ಇಂಡಿಪೆಂಡೆಂಟ್ ಗಾಡಿ ಗೆದ್ದಿತು. ಕೊರಕಲು ಇಳಿಜಾರಿನಲ್ಲಿ ಸೊಂಟಕ್ಕೆ ಏಟೇ ಇಲ್ಲ. ಹೊಟ್ಟೆಯ ಕೆಳಗೆ ಎತ್ತರ ಜಾಸ್ತಿ ಇರುವುದರಿಂದ ಕಲ್ಲು ತಾಗಲಿಲ್ಲ. ಸಾಲಿಡ್ ಆ್ಯಕ್ಸಲ್ಲಿನ ಗಾಡಿಯಲ್ಲಿ ಆ್ಯಕ್ಸಲ್ಲಿನ ಮಧ್ಯದ ಗುಂಡಗಿನ ಹೌಸಿಂಗೇ, ಅಂದರೆ ಕವಚವೇ, ಎಲ್ಲಕ್ಕಿಂತ ಕೆಳಗೆ ಇರುವುದು. ಅದು ಒಂದೆರಡು ಕಡೆ ನೆಲ ಕೆರೆಯಿತು. ಆದರೆ ತಿರುವಿಗೆ ಬಂದಾಗ ಲೆಕ್ಕ ತಲೆಕೆಳಗಾಯಿತು. ಮೆತ್ತನೆಯ ಗಾಡಿ, ತುಂಬಿದ ಬಸ್ಸು ತಿರುವಿನಲ್ಲಿ ವಾಲುವ ಹಾಗೆ ಹೊರಕ್ಕೆ ವಾಲಿತು. ಸಾಲಿಡ್ ಆ್ಯಕ್ಸಲ್ಲಿನದು ಚಪ್ಪಟೆಯಾಗಿ ಕೂತು, ಹಿಂಬದಿ ಸ್ವಲ್ಪವೇ ಜಾರಿ, ನಾನು ಅಂದುಕೊಂಡ ಕಡೆಗೇ ಹೋಯಿತು. ಬೆಳಿಗ್ಗೆ ಸ್ಪೋರ್ಟ್ ಗಾಡಿಯಲ್ಲಿ ಸಿಕ್ಕ ಖುಷಿಯ ಒಂದು ಪಾಲು ಇಲ್ಲೂ ಸಿಕ್ಕಿತು. ಯಾಕೆಂದರೆ ಅದರ ಹಿಂಬದಿಯೂ ಹೀಗೇ ಇತ್ತು. ರಾಪ್ಟರ್‌ನಂಥ ಓಟದ ಗಾಡಿಗಳೂ ಹಿಂದೆ ಸಾಲಿಡ್ ಆ್ಯಕ್ಸಲ್ಲೇ ಇಟ್ಟುಕೊಂಡಿವೆ ಅಂತ ಆಗ ನೆನಪಾಯಿತು.

ಟಾರು ರಸ್ತೆಯಲ್ಲಿ ಈ ಗಾಡಿಗಳು ವಿಚಿತ್ರವಾಗಿ ಆಡುವುದು ಯಾಕೆ ಅಂತಲೂ ಅವತ್ತೇ ತಿಳಿಯಿತು. ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಒಳಗಿನ ಚಕ್ರ ಸ್ವಲ್ಪ ಜಾರಲೇಬೇಕು. ಮಣ್ಣಿನಲ್ಲಿ ಜಾರುತ್ತದೆ. ಟಾರಿನಲ್ಲಿ ಟೈರು ಕಚ್ಚಿ ಹಿಡಿಯುತ್ತದೆ, ಗಾಡಿ ನೇರ ಹೋಗಲು ಹಟ ಮಾಡುತ್ತದೆ.

ಈಗ ಹೊರೆ. ಚಿಕ್ಕ ಟ್ರೈಲರ್‌ಗೆ ಸೌದೆ ತುಂಬಿದೆವು. ಹಿಂದೆ ಜಾಸ್ತಿ ತುಂಬಿದರೆ ಟ್ರೈಲರ್ ಗಾಡಿಯ ಬಾಲವನ್ನು ಮೇಲಕ್ಕೆತ್ತುತ್ತದೆ, ಚಕ್ರಕ್ಕೆ ಹಿಡಿತ ಹೋಗುತ್ತದೆ. ಒಟ್ಟು ತೂಕದ ಹತ್ತನೇ ಒಂದರಷ್ಟು ಕೊಂಡಿಯ ಮೇಲೆ ಕೂರುವ ಹಾಗೆ ಸೌದೆಯನ್ನು ಮುಂದಕ್ಕೆ ಸರಿಸಿದ. ಹಿಂದಿನ ಕ್ಯಾರಿಯರ್ ಮೇಲೆ ಗೂಟದ ಕಟ್ಟು. ಇದಕ್ಕೂ ಮಿತಿ ಇದೆ. ಈ ವರ್ಗದ ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದೆ 30-40 ಕೆಜಿ, ಹಿಂದೆ 60-80 ಕೆಜಿ. ಗಾಡಿಯ ಮೇಲಿನ ಸ್ಟಿಕ್ಕರಿನಲ್ಲಿ ಬರೆದೇ ಇರುತ್ತದೆ, ಯಾರೂ ಓದುವುದಿಲ್ಲ ಅಷ್ಟೇ.

ಇಂಡಿಪೆಂಡೆಂಟ್ ಗಾಡಿಯ ಹಿಂಬದಿ ಕುಸಿದು ಕೂತಿತು. ಖಾಲಿ ಓಡಿಸಿದಾಗ ನಾನು ಮೆಚ್ಚಿದ್ದ ಎತ್ತರ ಹೊರೆಯ ಜೊತೆ ಕರಗಿಹೋಯಿತು. ಮೂತಿ ಮೇಲಾಗಿ ಏರಿನಲ್ಲಿ ಹ್ಯಾಂಡಲ್ ಹಗುರವಾಯಿತು. ಅಣ್ಣ ಸ್ಪ್ಯಾನರ್ ತಂದು ಶಾಕ್ ಅಬ್ಸಾರ್ಬರ್ ಸ್ಪ್ರಿಂಗು ಬಿಗಿ ಮಾಡಿದ. ಸುಧಾರಿಸಿತು. ಆದರೆ ಹೊರೆ ಇಳಿಸಿ ಮತ್ತೆ ಓಡಿಸಿದಾಗ ಮೆತ್ತಗಿದ್ದ ಗಾಡಿ ಕುಕ್ಕತೊಡಗಿತು. ಅಂದರೆ ಹೊರೆ ಹಾಕುವಾಗೊಮ್ಮೆ, ಇಳಿಸುವಾಗೊಮ್ಮೆ ಸ್ಪ್ಯಾನರ್ ಹಿಡಿಯಬೇಕು. ಶಿಸ್ತಿನವರಿಗೆ ಅದೇನು ಕಷ್ಟ ಅಲ್ಲ. ನನ್ನ ಕೈಲಿ ಆಗುವ ಮಾತಲ್ಲ.

ಸಾಲಿಡ್ ಆ್ಯಕ್ಸಲ್ಲಿನ ಗಾಡಿಯೂ ಸ್ವಲ್ಪ ಕುಸಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹೌಸಿಂಗು ನೆಲದಿಂದ ಎಷ್ಟು ಎತ್ತರ ಎಂಬುದನ್ನು ತೀರ್ಮಾನಿಸುವುದು ಟೈರು, ಸ್ಪ್ರಿಂಗಲ್ಲ. ಹೊರೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಖಾಲಿ ಇದ್ದಾಗ ಎಲ್ಲಿ ತಾಗಿತ್ತೋ ಅಲ್ಲೇ ತಾಗಿತು, ಹೊಸ ಕಡೆ ತಾಗಲಿಲ್ಲ. ಇಳಿಜಾರಿನಲ್ಲಿ ಟ್ರೈಲರ್ ಹಿಂದಿನಿಂದ ನೂಕುತ್ತಿದ್ದರೂ ಲೋ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆದು ಹಿಡಿಯಿತು, ನಾನು ಬ್ರೇಕ್ ಮುಟ್ಟಿದ್ದು ಕಡಿಮೆ. ಇಂಡಿಪೆಂಡೆಂಟ್ ಗಾಡಿ ಬೆಲ್ಟಿನದು. ಅದೂ ಚೆನ್ನಾಗಿಯೇ ತಡೆಯಿತು. ಆದರೆ ಹೊರೆ ಎಳೆಯುವಾಗ ಲೋಗೆ ಹಾಕದೆ ಹೈನಲ್ಲೇ ಒದ್ದಾಡಿಸಿದರೆ ಬೆಲ್ಟು ಸುಡುತ್ತದೆ, ಬೆಲ್ಟಿನ ಡಬ್ಬಿಗೆ ನೀರು ಹೊಕ್ಕರೆ ಜಾರುತ್ತದೆ ಎಂದು ಅಣ್ಣ ಎಚ್ಚರಿಸಿದ.

ಕ್ಯಾನ್-ಆ್ಯಮ್ ರೆನೆಗೇಡ್ ಥರದ್ದು ಹೇಗೆ ಅಂತ ಕೊನೆಗೆ ಕೇಳಿದೆ. ಕೆಲಸದ ಗಾಡಿಯ ಅಡಿಪಾಯದ ಮೇಲೆ ಕಟ್ಟಿದ್ದು, ನಾಲ್ಕೂ ಚಕ್ರಕ್ಕೆ ಎಳೆತ, ನೋಟ ಮಾತ್ರ ಓಟದ್ದು. ಪೊಲಾರಿಸ್ ಸ್ಕ್ರ್ಯಾಂಬ್ಲರ್ ಕೂಡ ಅದೇ ಜಾತಿ. ಸಮತೋಲನದ ಗಾಡಿ ಎಂದರೆ ಜನ ಮೊದಲು ಹೇಳುವುದು ಇವುಗಳ ಹೆಸರನ್ನೇ. ನನ್ನ ಅಭಿಪ್ರಾಯ ಬೇರೆ. ಅವು ಶಕ್ತಿ ಜಾಸ್ತಿ, ತೂಕವೂ ಜಾಸ್ತಿ ಇರುವ ಓಟದ ಗಾಡಿಗಳು. ನಾಲ್ಕು ಚಕ್ರ ಎಳೆದ ಮಾತ್ರಕ್ಕೆ ಗೂಟದ ಕಟ್ಟಿಗೆ ಜಾಗ ಸಿಗುವುದಿಲ್ಲ. ಕಲಿತು ಪಳಗಿದವರಿಗೆ ಸರಿ, ಮೊದಲ ಗಾಡಿಗೆ ಅಲ್ಲ.

ಸಾಲಿಡ್ ಆ್ಯಕ್ಸಲ್ಲಿನ ಗಾಡಿಯೇ ಇರಲಿ ಎಂದೆ. ಸೆಕೆಂಡ್ ಹ್ಯಾಂಡ್ ಗಾಡಿ, ಅದೂ ಅಣ್ಣನದಲ್ಲ, ಯಾರೋ ಮಾರಲು ಬಿಟ್ಟುಹೋಗಿದ್ದು. ಹಾಗಾಗಿ ಪರೀಕ್ಷೆಯನ್ನು ನನ್ನ ಕೈಲೇ ಮಾಡಿಸಿದ. ಮುಂದಿನ ಚಕ್ರ ಎತ್ತಿ ನಿಲ್ಲಿಸಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಸಡಿಲ ಇದ್ದರೆ ಬೇರಿಂಗು ಅಥವಾ ಬಾಲ್ ಜಾಯಿಂಟು ಹೋಗಿದೆ ಅಂತ. ಪಕ್ಕದಿಂದ ಹಿಡಿದು ಅಲ್ಲಾಡಿಸಿದರೆ ಸ್ಟಿಯರಿಂಗಿನ ರಾಡುಗಳ ಸ್ಥಿತಿ ತಿಳಿಯುತ್ತದೆ. ಆ್ಯಕ್ಸಲ್ಲಿನ ರಬ್ಬರ್ ಬೂಟು ಹರಿದಿದೆಯಾ, ಇಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯಾ, ಕೊಂಡಿ ಬಗ್ಗಿದೆಯಾ. ಆಯಿಲ್ ಹಾಲಿನ ಬಣ್ಣ ಆಗಿದ್ದರೆ ಒಳಗೆ ನೀರು ಹೊಕ್ಕಿದೆ ಎಂದೇ ಅರ್ಥ. ಏರ್ ಫಿಲ್ಟರ್ ಡಬ್ಬಿಯನ್ನು ತೆರೆದು ಒಳಗೆ, ಫಿಲ್ಟರಿನ ಆಚೆ ಬದಿಯಲ್ಲಿ, ಬೆರಳಾಡಿಸು ಅಂದ. ಅಲ್ಲಿ ಧೂಳಿದ್ದರೆ ಇಂಜಿನ್ ಅಷ್ಟು ದಿನವೂ ಧೂಳು ತಿಂದಿದೆ. ಹೊಳಪು ಕೊಟ್ಟ ಪ್ಲಾಸ್ಟಿಕ್ ನೋಡಿ ಮರುಳಾಗುವವರು ಈ ಒಂದು ಡಬ್ಬಿ ತೆರೆದರೆ ಸಾಕು.

ಬೆರಳು ಸ್ವಚ್ಛವಾಗಿಯೇ ಬಂತು. ಎಡಗಡೆಯ ಒಂದು ಬಾಲ್ ಜಾಯಿಂಟು ಸಡಿಲ ಇತ್ತು. ಅದನ್ನು ಮಾರುವವರೇ ಬದಲಿಸಿಕೊಡಬೇಕು ಎಂಬ ಮಾತಿನ ಮೇಲೆ ವ್ಯವಹಾರ ಮುಗಿಯಿತು. ಸಂಜೆ ಹೊರಡುವಾಗ ಅಣ್ಣ ಗಾಡಿಯನ್ನು ಬಿಡದೆ ಆ ಚಿಕ್ಕ ಗೇಜನ್ನು ಮಾತ್ರ ಕೊಟ್ಟು ಕಳಿಸಿದ. ಜಾಯಿಂಟು ಹಾಕಿದ ಮೇಲೆ ಬಂದು ಗಾಡಿ ತಗೊಂಡು ಹೋಗು, ಅಷ್ಟರಲ್ಲಿ ಬೇರೆ ಯಾರದ್ದಾದರೂ ಟೈರಿನ ಮೇಲೆ ಅಭ್ಯಾಸ ಮಾಡಿಕೋ ಅಂದ.