ಲಕ್ಸರ್‌ಗೆ ಹೋದರೆ ಅಲಬಾಸ್ಟರ್ ಅಂಗಡಿ ತಪ್ಪಿಸಿ, ರಾಮೋಸೆಯ ಸಮಾಧಿ ತಪ್ಪಿಸಬೇಡಿ

ಈಜಿಪ್ಟಿನ ಕೈರೋದಿಂದ ಲಕ್ಸರ್‌ಗೆ ರಾತ್ರಿ ಬಸ್ಸಿನಲ್ಲಿ ಹೋಗುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಟಿಕೆಟ್ ಅಗ್ಗ, ನಿಜ. ಆದರೆ ಎಸಿ ಕಡಿಮೆ ಮಾಡಪ್ಪಾ ಅಂತ ಎಷ್ಟು ಗೋಗರೆದರೂ ಡ್ರೈವರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಸೀಟು ಹಿಂದಕ್ಕೆ ಬಾಗದು. ಕಣ್ಣು ಹತ್ತಿತು ಅನ್ನುವಾಗ ಚೆಕ್‌ಪೋಸ್ಟ್, ಪಾಸ್‌ಪೋರ್ಟ್ ತೆಗೆಯಿರಿ. ಮಾರನೆಯ ದಿನ ನಿದ್ದೆಗೇ ಹೋಯಿತು. ರೈಲು ಹಿಡಿಯಿರಿ.

ಊರು ನೈಲ್‌ನ ಪೂರ್ವ ದಂಡೆಯಲ್ಲಿ, ಸಮಾಧಿಗಳು ಪಶ್ಚಿಮ ದಂಡೆಯಲ್ಲಿ. ಹೋಟೆಲಿನವರು ಗೊತ್ತು ಮಾಡಿಕೊಟ್ಟ ಕಾರು ದೂರದ ಸೇತುವೆ ಸುತ್ತಿ, ನಮ್ಮನ್ನು ನೇರ ಒಂದು ಅಲಬಾಸ್ಟರ್ (ಬಿಳಿಚು ಮೆತ್ತನೆ ಕಲ್ಲು) 'ಕಾರ್ಖಾನೆ'ಗೆ ತಂದು ನಿಲ್ಲಿಸಿತು. ಬಾಗಿಲಲ್ಲಿ ಇಬ್ಬರು ಕಲ್ಲು ಉಜ್ಜುವ ನಾಟಕ, ಒಳಗೆ ಪುಕ್ಕಟೆ ಚಹಾ, ಆಮೇಲೆ ಬಿಡದ ಒತ್ತಾಯ. ಬೆಳಗಿನ ತಂಪು ಹೊತ್ತೆಲ್ಲ ಅಲ್ಲೇ ಮುಗಿಯಿತು. ಊರಿನ ಜನ ಓಡಾಡುವ ದೊಡ್ಡ ದೋಣಿಯಲ್ಲಿ ಚಿಲ್ಲರೆ ಕಾಸಿಗೆ ನದಿ ದಾಟಬಹುದು. ಆಚೆ ದಡದಲ್ಲಿ ಟ್ಯಾಕ್ಸಿ ಮಾತಾಡಿಕೊಳ್ಳಿ, ಅಂಗಡಿ ಬೇಡ ಅಂತ ಹತ್ತುವ ಮೊದಲೇ ಹೇಳಿ.

ಹಳೆಯ ರಾಜರ ಸಮಾಧಿಗಳಿರುವ ರಾಜರ ಕಣಿವೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನಗೆ ಜನಜಂಗುಳಿ ಆಗದು. ಸಾಮಾನ್ಯ ಟಿಕೆಟ್‌ನಲ್ಲಿ ಮೂರು ಸಮಾಧಿ, ಟುಟಾಂಖಾಮನ್‌ನದಕ್ಕೆ ಬೇರೆ ದುಡ್ಡು. ಹೋರೆಮ್‌ಹೆಬ್‌ನದು ತೆರೆದಿದ್ದರೆ ಮಾತ್ರ ಬಿಡಬೇಡಿ. ಕೆಲಸ ಅರ್ಧಕ್ಕೆ ನಿಂತ ಗೋಡೆಗಳಲ್ಲಿ ಶಿಷ್ಯ ಎಳೆದಿರಬಹುದಾದ ಕೆಂಪು ಗೆರೆಯೂ ಗುರು ತಿದ್ದಿದಂತಿರುವ ಕಪ್ಪು ಗೆರೆಯೂ ಹಾಗೇ ಉಳಿದಿವೆ.

ಅಲ್ಲೇ ನಮ್ಮ ಗೈಡ್, "ಆ ಕಾಲದ ಚಿತ್ರಗಾರರಿಗೆ ಎದುರಿನಿಂದ ಮುಖ ಬರೆಯಲು ಬರುತ್ತಿರಲಿಲ್ಲ, ಅದಕ್ಕೇ ಎಲ್ಲರೂ ಪಕ್ಕಕ್ಕೆ ತಿರುಗಿದ್ದಾರೆ" ಅಂದ. ಇಂಥ ಮಾತಿಗೆ ದುಡ್ಡು ಕೊಡಬೇಡಿ. ಅದೇ ಗೋಡೆಯ ಲಿಪಿಯಲ್ಲಿರುವ ಗೂಬೆ ನೆಟ್ಟಗೆ ನಿಮ್ಮನ್ನೇ ನೋಡುತ್ತಿರುತ್ತದೆ! ಬರುತ್ತಿತ್ತು, ಬೇಡವಾಗಿತ್ತು ಅಷ್ಟೆ. ಮುಖ ಪಕ್ಕದಿಂದ, ಕಣ್ಣು ಎದುರಿನಿಂದ, ಭುಜ ಎದುರಿನಿಂದ, ಕಾಲು ಮತ್ತೆ ಪಕ್ಕದಿಂದ: ಒಂದೊಂದು ಅಂಗವೂ ಚೆನ್ನಾಗಿ ಗುರುತು ಸಿಗುವ ಕಡೆಯಿಂದ. ಚೌಕ ಹಾಕಿ ಅಳತೆ ಇಡುತ್ತಿದ್ದರು, ನಿಂತ ಮನುಷ್ಯನಿಗೆ ಪಾದದಿಂದ ಹಣೆಯ ಕೂದಲಂಚಿನವರೆಗೆ 18 ಚೌಕ. ಯಜಮಾನ ದೊಡ್ಡವನು, ಆಳು ಮೊಣಕಾಲೆತ್ತರ. ಅದು ದೂರದ ಲೆಕ್ಕವಲ್ಲ, ಅಂತಸ್ತಿನದು. ದೃಶ್ಯಗಳು ಅಡ್ಡ ಪಟ್ಟಿಗಳಲ್ಲಿ ಒಂದರ ಮೇಲೊಂದು. ನಮ್ಮೂರ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿ ರೂಢಿ ಇದ್ದವರಿಗೆ ಇದು ಬೇಗ ಹಿಡಿತಕ್ಕೆ ಸಿಗುತ್ತದೆ.

ಇಷ್ಟು ತಿಳಿದುಕೊಂಡು ರಾಮೋಸೆಯ ಸಮಾಧಿಗೆ ಹೋಗಿ. ರಾಜನಲ್ಲ, ಮಂತ್ರಿ, ಕಾಲ ಕ್ರಿ.ಪೂ. 1350ರ ಸುಮಾರು. ನಾವು ಹೋದಾಗ ಒಳಗೆ ಇನ್ನಾರೂ ಇರಲಿಲ್ಲ. ಔತಣಕ್ಕೆ ಕೂತ ನೆಂಟರ ಉಬ್ಬುಗೆತ್ತನೆಗೆ ಬಣ್ಣವೇ ಇಲ್ಲ, ಕಣ್ಣು ಹುಬ್ಬಿಗಷ್ಟೇ ಕಪ್ಪು. ಕೂದಲಿನ ಒಂದೊಂದು ಎಳೆಯನ್ನೂ ಬಿಡಿಸಿದ್ದಾರೆ. ಪಕ್ಕದ ಗೋಡೆಯಲ್ಲಿ ಶವಯಾತ್ರೆ, ಕೈಯೆತ್ತಿ ಅಳುವ ಹೆಂಗಸರ ಗುಂಪು. ಇವಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ್ದು ಎದುರಿನ ಗೋಡೆಯ ಮುಂದೆ. ಬಾಗಿಲಿನ ಎಡಕ್ಕೆ ಹೊಸ ರಾಜ ನಾಲ್ಕನೇ ಅಮೆನ್‌ಹೋಟೆಪ್, ಹಳೆಯ ಅಳತೆಯಲ್ಲೇ, ಬಿಗಿಯಾಗಿ. ಬಲಕ್ಕೆ ಅದೇ ರಾಜ, ಪಕ್ಕದಲ್ಲಿ ರಾಣಿ ನೆಫರ್‌ಟಿಟಿ, ಮೇಲೆ ಕಿರಣಗಳ ಕೈ ಚಾಚಿದ ಸೂರ್ಯ. ಹೊಟ್ಟೆ ಜೋತಿದೆ, ಕತ್ತು ಮುಂದಕ್ಕೆ ಬಾಗಿದೆ. ಅವನೇ ಆಮೇಲೆ ಹಳೆಯ ದೇವರುಗಳನ್ನು ಬಿಟ್ಟು ಸೂರ್ಯನನ್ನೇ ಹಿಡಿದು, ಅಖೆನಾಟೆನ್ ಅಂತ ಹೆಸರು ಬದಲಿಸಿಕೊಂಡವನು. ದೇವರು ಬದಲಾದರು, ಚಿತ್ರದ ನಿಯಮವೂ ಬದಲಾಯಿತು, ಒಂದೇ ಗೋಡೆಯ ಮೇಲೆ. ರಾಜಧಾನಿ ಅವನು ಕಟ್ಟಿಸಿದ ಅಮರ್ನಾಕ್ಕೆ ಹೋದ ಮೇಲೆ ಇಲ್ಲಿಯ ಕೆಲಸ ಅರ್ಧಕ್ಕೇ ನಿಂತಿದೆ.

ಟಿಕೆಟ್ ಸಮಾಧಿಯ ಬಾಗಿಲಲ್ಲಿ ಸಿಗಲಿಲ್ಲ. ಮೆಮ್ನಾನ್ ಅನ್ನುವ ಎರಡು ದೈತ್ಯ ಮೂರ್ತಿಗಳನ್ನು ದಾಟಿದ ಮೇಲಿನ ಕಚೇರಿಯಲ್ಲೇ ತೆಗೆದುಕೊಳ್ಳಬೇಕಾಯಿತು. ಕಾವಲಿನವನು ಟಾರ್ಚ್ ಬಿಟ್ಟು ತೋರಿಸಿ ಬಕ್ಷೀಸಿಗೆ ಕೈ ಚಾಚುತ್ತಾನೆ. ಸಣ್ಣ ನೋಟು ಇಟ್ಟುಕೊಂಡಿರಿ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಬೇಡ. ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಕೊಶರಿ ಮಾತ್ರ ಮಾಡುವ ಪುಟ್ಟ ಹೋಟೆಲಿದೆ, ಬೋರ್ಡು ಅರಬ್ಬಿಯಲ್ಲಿ. ಅನ್ನ, ಮಸೂರಬೇಳೆ, ಪಾಸ್ತಾ, ಕಡಲೆಕಾಳು, ಮೇಲೆ ಟೊಮೆಟೊ ಸಾರು, ಗರಿಗರಿ ಹುರಿದ ಈರುಳ್ಳಿ. ಮೇಜಿನ ಮೇಲಿನ ಬಾಟಲಿಯಲ್ಲಿ ಬೆಳ್ಳುಳ್ಳಿ ಹಾಕಿದ ವಿನೆಗರ್, ಇನ್ನೊಂದರಲ್ಲಿ ಖಾರ. ಭಾವ ಮೊದಲ ದಿನ ಮೂಗು ಮುರಿದವರು, ಆಮೇಲೆ ಬೇರೆ ಕಡೆ ಊಟಕ್ಕೆ ಬರಲೇ ಇಲ್ಲ. ನದಿ ಕಾಣುವ ಹೋಟೆಲಿನಲ್ಲಿ ಒಂದು ಚಹಾಕ್ಕೆ ತೆತ್ತ ದುಡ್ಡಿಗಿಂತ ಇಲ್ಲಿ ಇಬ್ಬರ ಊಟ ಅಗ್ಗ. ದೊಡ್ಡ ಬಟ್ಟಲು ಹೇಳಬೇಡಿ, ಮುಗಿಯುವುದಿಲ್ಲ. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ.